ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಕೈಕೊಟ್ಟಿದೆಯೇ? ಕೆಪಾಸಿಟರ್ ಬದಲಿಸಿ ನೋಡಿ

ಟಿವಿ ನೋಡುತ್ತಿದ್ದ ಹಾಗೆ ಸೆಟ್‌ಟಾಪ್ ಬಾಕ್ಸ್ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಇಲ್ಲವೇ ವೈಫೈ ರೂಟರ್‌ನ ಲೈಟುಗಳೆಲ್ಲ ಹತ್ತಿಕೊಂಡು, ಆರಿ, ಮತ್ತೆ ಹತ್ತಿಕೊಂಡು ಆಟ ಆಡಿಸುತ್ತವೆ. ಬಾಕ್ಸೇ ಹೋಯಿತು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆದರೆ ಬಹಳ ಸಲ ಕೆಟ್ಟಿರುವುದು ಗೋಡೆಯ ಪ್ಲಗ್‌ನಲ್ಲಿ ನೇತಾಡುವ ಆ ಕರಿ ಅಡಾಪ್ಟರ್. ಅದರೊಳಗೂ ಬಹಳ ಸಲ ಒಂದೇ ಒಂದು ಕೆಪಾಸಿಟರ್.

ಹೊಸ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೂ ಬೋರ್ಡ್ ಮಟ್ಟದ ರಿಪೇರಿ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಕೊಡುವ ಕೆಲಸ ಇದೇ. ಬೋರ್ಡ್ ಚಿಕ್ಕದು, ಬದಲಿಸುವ ಬಿಡಿಭಾಗಕ್ಕೆ ಎರಡೇ ಕಾಲು, ಬೆಲೆ ಕೆಲವೇ ರೂಪಾಯಿ. ಇಲ್ಲಿ ಕಲಿತದ್ದು ನಾಳೆ ಮಾನಿಟರ್, ಡಿವಿಡಿ ಪ್ಲೇಯರ್, ಟಿವಿಯ ಪವರ್ ಬೋರ್ಡ್‌ಗಳಲ್ಲೂ ಕೆಲಸಕ್ಕೆ ಬರುತ್ತದೆ. ಈ ಬೋರ್ಡಿನ ಅರ್ಧ ಭಾಗದಲ್ಲಿ ಮಾತ್ರ 325 ವೋಲ್ಟ್ ಡಿಸಿ ಕೂತಿರುತ್ತದೆ. ಭಯಪಡಬೇಡಿ, ಆದರೆ ಯಾವ ಅರ್ಧಕ್ಕೆ ಹೆದರಬೇಕು ಅನ್ನುವುದನ್ನು ತಿಳಿದುಕೊಂಡೇ ಕೈ ಹಾಕಿ. ನಾವು ಕೆಲಸ ಮಾಡುವುದು ಇನ್ನೊಂದು ಅರ್ಧದಲ್ಲಿ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್. 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಅದಕ್ಕೊಂದು ಸ್ಟ್ಯಾಂಡ್, ಒದ್ದೆ ಸ್ಪಂಜು. 60/40 ಲೆಡ್, ಅಂದರೆ ತವರ-ಸೀಸ ಬೆರೆತ ಬೆಸುಗೆ ತಂತಿ. ಫ್ಲಕ್ಸ್. ಕರಗಿದ ಲೆಡ್ ಎಳೆದುಕೊಳ್ಳುವ ಡಿಸೋಲ್ಡರಿಂಗ್ ಪಂಪ್. ಅಂಗಡಿಯಲ್ಲಿ ಸಕ್ಕರ್ ಅಂದರೂ ಕೊಡುತ್ತಾರೆ. ಸಣ್ಣ ಕಟ್ಟರ್. ಕಣ್ಣಿಗೆ ಕನ್ನಡಕ. ಇವುಗಳ ಜೊತೆಗೆ ಎರಡು ರೆಸಿಸ್ಟರ್: 22 ಓಮ್ 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದು, 10 ಕಿಲೋ ಓಮ್ 5 ವ್ಯಾಟ್‌ನದು ಒಂದು.

ಇನ್ನೊಂದು ಮುಖ್ಯ ಸಾಧನ ಸೀರೀಸ್ ಬೋರ್ಡ್. ಟಿವಿ ಮೆಕ್ಯಾನಿಕ್‌ಗಳ ಮೇಜಿನ ಮೇಲೆ ಇದನ್ನು ನೋಡಿರುತ್ತೀರಿ: ಒಂದು ಸಾಕೆಟ್, ಅದಕ್ಕೆ ಹೋಗುವ ಫೇಸ್ ವೈರಿನ ನಡುವೆ 60 ವ್ಯಾಟ್‌ನ ಹಳೆ ಕಾಲದ ಫಿಲಮೆಂಟ್ ಬಲ್ಬ್. ಸಾಕೆಟ್ಟಿಗೆ ಹಾಕಿದ ವಸ್ತು ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಅಷ್ಟೇ. ಸ್ಫೋಟವಿಲ್ಲ, ಫ್ಯೂಸ್ ಹಾರುವುದಿಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬೋರ್ಡನ್ನು ನೀವೇ ಕಟ್ಟಲು ಹೋಗಬೇಡಿ, ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ.

ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಇವೆಲ್ಲ ಸಿಗುತ್ತವೆ. ಬೇರೆ ಊರಿನವರು ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ, ಬಿಡಿಭಾಗ ಎಲ್ಲಿಂದ ತರಿಸುತ್ತಾರೆ ಅಂತ ಅವರೇ ಹೇಳುತ್ತಾರೆ. ಐರನ್ ತಂದ ಖುಷಿಗೆ ಇವತ್ತೇ ಬಿಸಿ ಮಾಡಬೇಡಿ. ಮೊದಲ ಹನ್ನೊಂದು ಹಂತದಲ್ಲಿ ಅದರ ಕೆಲಸವೇ ಇಲ್ಲ. ಹೊಸಬರು ಹಾಳು ಮಾಡುವ ಬೋರ್ಡುಗಳಲ್ಲಿ ಹೆಚ್ಚಿನವು ಅಳತೆ ಮಾಡದೆ ಬೆಸುಗೆಗೆ ಇಳಿದವು.

ಹಂತ 1: ಸ್ಟಿಕ್ಕರ್ ಓದಿ

ಅಡಾಪ್ಟರ್ ಬೆನ್ನಿನ ಮೇಲೆ ಔಟ್‌ಪುಟ್ ಅಂತ ಬರೆದಿರುತ್ತದೆ: 12 ವೋಲ್ಟ್, 1.5 ಆಂಪಿಯರ್, ಹೀಗೆ. ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ಚುಕ್ಕಿ, ಸುತ್ತ ಅರ್ಧ ವೃತ್ತ, ಎರಡು ಕಡೆ ಪ್ಲಸ್ ಮೈನಸ್ ಇರುವ ಚಿತ್ರವಿರುತ್ತದೆ. ನಡುವಿನ ಚುಕ್ಕಿಗೆ ಪ್ಲಸ್ ಸೇರಿದ್ದರೆ ಪಿನ್ನಿನ ಒಳಭಾಗ ಪ್ಲಸ್, ಹೊರಮೈ ಮೈನಸ್. ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ.

ಕೆಳಗಿನ ಲೆಕ್ಕವೆಲ್ಲ 12 ವೋಲ್ಟಿನದಕ್ಕೆ ಹೇಳಿದ್ದು.

ಹಂತ 2: ಮೀಟರ್ ಸಿದ್ಧ ಮಾಡಿ

ಕಪ್ಪು ವೈರ್ ‘ಕಾಮ್’ ಅಂತ ಬರೆದ ತೂತಿಗೆ, ಕೆಂಪು ವೈರ್ ‘ವಿ’ ಅಂತ ಬರೆದ ತೂತಿಗೆ. ಗುಂಡಿಯನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ.

ಜೋಪಾನ: ಕೆಂಪು ವೈರ್ ‘10ಎ’ ತೂತಿನಲ್ಲಿದ್ದರೆ ಮೀಟರೇ ಶಾರ್ಟ್ ಆದಂತೆ. ಪ್ರತಿ ಸಲ ಒಮ್ಮೆ ನೋಡಿಕೊಳ್ಳಿ.

ಹಂತ 3: ಖಾಲಿ ವೋಲ್ಟೇಜ್ ಅಳೆಯಿರಿ

ಅಡಾಪ್ಟರ್ ಪ್ಲಗ್‌ಗೆ ಹಾಕಿ, ಸ್ವಿಚ್ ಒತ್ತಿ. ಕೆಂಪು ಪ್ರೋಬ್ ಪಿನ್ನಿನ ಒಳಗೆ, ಕಪ್ಪು ಪ್ರೋಬ್ ಹೊರಮೈಗೆ. ಎರಡೂ ಒಂದಕ್ಕೊಂದು ತಾಗದಿರಲಿ. ಹೀಗೆ ಹಿಡಿದುಕೊಂಡೇ ಪಿನ್ನಿನ ಬುಡದಲ್ಲಿ ವೈರನ್ನು ಆಕಡೆ ಈಕಡೆ ಬಗ್ಗಿಸಿ. ಬಗ್ಗಿಸಿದಾಗ ಅಂಕಿ ಬಂದು ಹೋದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ವೈರ್ ಒಳಗೆ ತುಂಡಾಗಿದೆ, ಪಿನ್ ಸಮೇತ ವೈರ್ ಬದಲಿಸಿದರೆ ಕೆಲಸ ಮುಗಿಯಿತು.

ವೈರ್ ಸರಿ ಇದೆ ಅಂದುಕೊಳ್ಳೋಣ. ಮೀಟರ್ 12ರ ಆಸುಪಾಸು ತೋರಿಸಿದರೆ ಮುಂದಿನ ಹಂತಕ್ಕೆ ಹೋಗಿ. 3, 7, 5 ಅಂತ ಏರಿಳಿಯುತ್ತಿದ್ದರೆ ಕೆಪಾಸಿಟರ್ ಮೇಲೆ ಅನುಮಾನ ಈಗಲೇ ಗಟ್ಟಿ, ಹಂತ 5ಕ್ಕೆ ಹೋಗಿ. ಏನೂ ಇಲ್ಲ, ಸೊನ್ನೆ ಅಂದರೆ ಕಾಯಿಲೆ ಹೆಚ್ಚಾಗಿ 325 ವೋಲ್ಟಿನ ಕಡೆ ಇರುತ್ತದೆ. ಮೊದಲ ರಿಪೇರಿಗೆ ಅದು ಬೇಡ, ಬೇರೆ ಅಡಾಪ್ಟರ್ ಹುಡುಕಿ.

ಹಂತ 4: ಭಾರ ಹಾಕಿ ಅಳೆಯಿರಿ

ಹೊಸಬರು ಬಿಟ್ಟುಬಿಡುವ ಹಂತ ಇದು. ಖಾಲಿ ಇರುವಾಗ 12 ತೋರಿಸಿದ ತಕ್ಷಣ ಅಡಾಪ್ಟರ್ ಚೆನ್ನಾಗಿದೆ ಅಂತ ತೀರ್ಮಾನಿಸಿ ಬಾಕ್ಸ್ ಬಿಚ್ಚಲು ಹೋಗುತ್ತಾರೆ. ಕೆಟ್ಟ ಕೆಪಾಸಿಟರ್ ಕೂಡ ಖಾಲಿ ಇರುವಾಗ 12 ತೋರಿಸಬಲ್ಲದು. ಕರೆಂಟ್ ಎಳೆದಾಗಲೇ ಅದರ ಬಣ್ಣ ಬಯಲಾಗುವುದು.

ಸಿಮೆಂಟ್ ರೆಸಿಸ್ಟರ್‌ನ ಎರಡು ಕಾಲಿಗೆ ವೈರ್ ಕಟ್ಟಿ ಪಿನ್ನಿನ ಒಳಕ್ಕೂ ಹೊರಮೈಗೂ ಜೋಡಿಸಿ. ಪಿನ್ನಿಗೆ ಸರಿಹೊಂದುವ ಸ್ಕ್ರೂ ಕನೆಕ್ಟರ್ ಸಿಸಿಟಿವಿ ಅಂಗಡಿಯಲ್ಲಿ ಸಿಗುತ್ತದೆ, ಅದಿದ್ದರೆ ಸಲೀಸು. 12 ವೋಲ್ಟ್‌ಗೆ 22 ಓಮ್ ಹಾಕಿದರೆ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ, ಅಂದರೆ ಆರೂವರೆ ವ್ಯಾಟ್ ಶಾಖ. ರೆಸಿಸ್ಟರನ್ನು ಹಳೆ ಟೈಲ್ಸ್ ಮೇಲಿಡಿ, ಕೈಯಲ್ಲಿ ಹಿಡಿಯಬೇಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ.

ವೋಲ್ಟೇಜ್ 12ರ ಹತ್ತಿರವೇ ನಿಂತರೆ ಅಡಾಪ್ಟರ್ ಮೇಲಿನ ಅನುಮಾನ ಬಹುಪಾಲು ಕಳೆಯಿತು, ದೋಷ ಬಾಕ್ಸ್‌ನಲ್ಲಿ ಹುಡುಕಿ. 8, 7 ಅಂತ ಕುಸಿದರೆ ಅಥವಾ ಒಂದೇ ಸಮ ಏರಿಳಿದರೆ ಅಡಾಪ್ಟರ್ ಬಿಚ್ಚಲು ಯೋಗ್ಯ.

ಹಂತ 5: ಪ್ಲಗ್ ಕಿತ್ತು ಪಕ್ಕಕ್ಕಿಡಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಮನೆಗಳಲ್ಲಿ ವೈರಿಂಗ್ ಅದಲುಬದಲಾಗಿ ಸ್ವಿಚ್ಚು ನ್ಯೂಟ್ರಲ್ ಮೇಲೆ ಕೂತಿರುತ್ತದೆ. ಗೋಡೆಯಿಂದ ಕಿತ್ತೇ ಇಡಿ.

ಹಂತ 6: ಕೇಸ್ ಬಿಚ್ಚಿ

ಕೆಲವು ಅಡಾಪ್ಟರ್‌ಗಳಿಗೆ ಸ್ಕ್ರೂ ಇರುತ್ತದೆ. ಹೆಚ್ಚಿನವು ಎರಡು ಅರ್ಧ ಸೇರಿಸಿ ಅಂಟಿಸಿದವು. ಕನ್ನಡಕ ಹಾಕಿಕೊಳ್ಳಿ. ಅಂಟಿನ ಗೆರೆಯ ಮೇಲೆ ಹಳೆ ಚಾಕುವಿನ ಅಲಗಿಟ್ಟು, ಬೆನ್ನಿಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಮೆಲ್ಲಗೆ ಹೊಡೆಯುತ್ತಾ ನಾಲ್ಕೂ ಸುತ್ತ ಬನ್ನಿ. ಒಂದೆರಡು ಸುತ್ತಿಗೆ ಗೆರೆ ಬಿಟ್ಟುಕೊಳ್ಳುತ್ತದೆ. ಅಲಗು ಒಳಗೆ ಇಳಿಯಬಾರದು, ಚಾಕು ಹಿಡಿದ ಕೈ ಅಲಗಿನ ದಾರಿಯಲ್ಲಿ ಇರಬಾರದು. ಕೇಸ್ ಚೂರುಚೂರಾದರೆ ಆ ಅಡಾಪ್ಟರ್ ರಿಪೇರಿಯಾದರೂ ಬಳಸುವ ಹಾಗಿಲ್ಲ, ಹಾಗಾಗಿ ಅವಸರ ಬೇಡ.

ತೆರೆದ ಮೇಲೆ ಬೋರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಹಿಂಭಾಗದ ಬೆಸುಗೆಗೆ ಬೆರಳು ತಾಗಿಸಬೇಡಿ.

ಹಂತ 7: ದೊಡ್ಡ ಕೆಪಾಸಿಟರ್ ಖಾಲಿ ಮಾಡಿ

ಮನೆಗೆ ಬರುವ 230 ವೋಲ್ಟ್ ಎಸಿ, ನಾಲ್ಕು ಡಯೋಡ್ ದಾಟಿ 325 ವೋಲ್ಟ್ ಡಿಸಿ ಆಗಿ ಒಂದು ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಅದರ ಮೈಮೇಲೆ 400 ವೋಲ್ಟ್ ಅಂತ ಬರೆದಿರುತ್ತದೆ. ಸರಿಯಾಗಿ ಓಡುವ ಅಡಾಪ್ಟರ್‌ನಲ್ಲಿ ಪ್ಲಗ್ ಕಿತ್ತ ಮೇಲೆ ಇದು ಬೇಗ ಖಾಲಿಯಾಗುತ್ತದೆ. ಕೆಟ್ಟ ಅಡಾಪ್ಟರ್‌ನಲ್ಲಿ ಆ ಚಾರ್ಜ್ ಬಳಸುವವರೇ ಇಲ್ಲದೆ ಬಹಳ ಹೊತ್ತು ಹಾಗೇ ಕೂತಿರಬಹುದು. ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುವುದು ಇದೇ ಕಾರಣಕ್ಕೆ.

10 ಕಿಲೋ ಓಮ್ ರೆಸಿಸ್ಟರ್‌ನ ಎರಡೂ ಕಾಲಿಗೆ ಮೊದಲೇ ಸ್ಲೀವ್ ಇರುವ ವೈರ್ ಗಟ್ಟಿಯಾಗಿ ಸುತ್ತಿ ಇನ್ಸುಲೇಶನ್ ಟೇಪ್ ಹಾಕಿಡಿ. ವೈರುಗಳ ತುದಿಯನ್ನು ಆ ಕೆಪಾಸಿಟರ್‌ನ ಎರಡು ಕಾಲಿಗೆ ಐದು ಸೆಕೆಂಡ್ ತಾಗಿಸಿ ಹಿಡಿಯಿರಿ. ಆಮೇಲೆ ಮೀಟರನ್ನು ಡಿಸಿಯ ಅತಿ ದೊಡ್ಡ ರೇಂಜಿಗೆ ತಿರುಗಿಸಿ, ಅದೇ ಕಾಲುಗಳ ಮೇಲೆ ಅಳೆಯಿರಿ. ಐದು ವೋಲ್ಟಿಗಿಂತ ಕೆಳಗೆ ಬಂದಿರಬೇಕು. ಇಲ್ಲವಾದರೆ ಇನ್ನೊಮ್ಮೆ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಪದ್ಧತಿಯನ್ನು ಎಷ್ಟೋ ಕಡೆ ನೋಡಿರುತ್ತೀರಿ. ಅನುಭವಸ್ಥರು ಮಾಡಿದರೂ ಅದು ಕೆಟ್ಟ ಪದ್ಧತಿಯೇ. ಕಿಡಿ ಹಾರುತ್ತದೆ, ಬೋರ್ಡಿನ ತಾಮ್ರದ ಗೆರೆ ಸುಡಬಹುದು.

ಹಂತ 8: ಬೋರ್ಡಿನ ಎರಡು ಭಾಗ ಗುರುತಿಸಿ

ನಡುವೆ ಹಳದಿ ಟೇಪ್ ಸುತ್ತಿದ ಚೌಕದ ಗಡ್ಡೆ ಇದೆಯಲ್ಲ, ಅದು ಟ್ರಾನ್ಸ್‌ಫಾರ್ಮರ್. ಪ್ಲಗ್ ಕಡೆಯದು ಹಾಟ್ ಸೈಡ್: ಫ್ಯೂಸ್, ಡಯೋಡ್‌ಗಳು, 400 ವೋಲ್ಟಿನ ಕೆಪಾಸಿಟರ್, ಕಂಟ್ರೋಲ್ ಐಸಿ. ಔಟ್‌ಪುಟ್ ವೈರ್ ಹೊರಡುವ ಕಡೆಯದು ಕೋಲ್ಡ್ ಸೈಡ್: ಒಂದು ದಪ್ಪ ಡಯೋಡ್, ಒಂದೋ ಎರಡೋ ಕೆಪಾಸಿಟರ್. ಬೋರ್ಡ್ ತಿರುಗಿಸಿ ನೋಡಿದರೆ ಎರಡರ ನಡುವೆ ತಾಮ್ರವೇ ಇಲ್ಲದ ಅಗಲವಾದ ಪಟ್ಟಿ ಕಾಣುತ್ತದೆ. ಆ ಗಡಿ ದಾಟಬೇಡಿ.

ಗಡಿಯ ಎರಡೂ ಕಡೆ ಕಾಲಿಟ್ಟು ನಿಂತ ಎರಡು ಬಿಡಿಭಾಗ ಸಾಮಾನ್ಯವಾಗಿ ಕಾಣುತ್ತವೆ. ನಾಲ್ಕು ಕಾಲಿನ ಸಣ್ಣ ಆಪ್ಟೋಕಪ್ಲರ್, ಬಹಳ ಸಲ 817 ಅಂತ ಬರೆದಿರುತ್ತದೆ. ಇನ್ನೊಂದು ಹೆಚ್ಚಾಗಿ ನೀಲಿ ಬಣ್ಣದ, ಬಿಲ್ಲೆಯಾಕಾರದ ವೈ ಕೆಪಾಸಿಟರ್. ಈ ನೀಲಿಯದನ್ನು ಎಂದಿಗೂ ಸಾದಾ ಕೆಪಾಸಿಟರ್‌ನಿಂದ ಬದಲಿಸಬಾರದು. ಅದು ಶಾರ್ಟ್ ಆದರೆ ಔಟ್‌ಪುಟ್ ಪಿನ್ನಿಗೇ ಮೇನ್ಸ್ ಬರುತ್ತದೆ.

ಹಂತ 9: ಕೋಲ್ಡ್ ಸೈಡ್ ಕೆಪಾಸಿಟರ್ ನೋಡಿ

ಡಬ್ಬಿಯ ತಲೆ ಚಪ್ಪಟೆ ಇರಬೇಕು. ತಲೆಯ ಮೇಲೆ ಕತ್ತರಿಸಿದ ಗೆರೆಗಳಿರುತ್ತವೆ. ಒಳಗೆ ಅನಿಲ ತುಂಬಿದಾಗ ಅಲ್ಲೇ ಬಿರಿಯಲಿ ಅಂತ ಬೇಕೆಂದೇ ಇಟ್ಟ ಗೆರೆ. ತಲೆ ಉಬ್ಬಿದ್ದರೆ, ಗೆರೆ ಬಿರಿದಿದ್ದರೆ ಕಳ್ಳ ಸಿಕ್ಕಿಬಿದ್ದ. ಬೆರಳಿನಿಂದ ಸವರಿದರೆ ಕಣ್ಣಿಗೆ ಕಾಣದ ಉಬ್ಬೂ ತಿಳಿಯುತ್ತದೆ.

ಬುಡದಲ್ಲಿ ಕಂದು ಇಲ್ಲವೇ ಬಿಳಿ ಬಣ್ಣದ ಮೆತ್ತಿದ ವಸ್ತು ಕಂಡರೆ ಸೋರಿದೆ ಅಂತ ಗಾಬರಿಯಾಗಬೇಡಿ. ಹೆಚ್ಚಿನ ಸಲ ಅದು ಕೆಪಾಸಿಟರ್ ಅಲುಗದಿರಲಿ ಅಂತ ಕಾರ್ಖಾನೆಯಲ್ಲಿ ಹಾಕಿದ ಅಂಟು.

ಉಬ್ಬಿಲ್ಲದೆಯೂ ಕೆಪಾಸಿಟರ್ ಕೆಟ್ಟಿರಬಹುದು. ಒಳಗಿನ ದ್ರವ ಮೆಲ್ಲಗೆ ಒಣಗಿ ಒಳಗಿನ ತಡೆ ಏರುತ್ತದೆ. ಇದನ್ನೇ ಇಎಸ್‌ಆರ್ ಅನ್ನುತ್ತಾರೆ. ಸಾದಾ ಮೀಟರ್‌ನ ಕೆಪಾಸಿಟರ್ ರೇಂಜ್ ಇದನ್ನು ಹಿಡಿಯುವುದಿಲ್ಲ, 1000 ಮೈಕ್ರೋಫ್ಯಾರಡ್‌ನದು 900 ಅಂತ ತೋರಿಸಿ ನಿಮ್ಮನ್ನು ದಾರಿ ತಪ್ಪಿಸಬಹುದು. ಇಎಸ್‌ಆರ್ ಮೀಟರ್ ಇಲ್ಲದವರಿಗೆ ಹಂತ 4ರ ಪರೀಕ್ಷೆಯೇ ಗತಿ: ಭಾರ ಹಾಕಿದಾಗ ಕುಸಿದಿತ್ತು ಅಂದರೆ ಬದಲಿಸಿ ನೋಡಿ.

ಇಷ್ಟು ಬೇಗ ಯಾಕೆ ಒಣಗುತ್ತದೆ ಅಂತ ಕೇಳಬಹುದು. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್, ಶಾಖ ಹತ್ತು ಡಿಗ್ರಿ ಇಳಿದಂತೆಲ್ಲ ಸುಮಾರು ಎರಡರಷ್ಟು ಬಾಳುತ್ತದೆ ಅನ್ನುವುದು ಈ ಕಸುಬಿನ ಲೆಕ್ಕ. ಅಡಾಪ್ಟರ್ ಒಳಗೆ 65 ಡಿಗ್ರಿ ಅಂದುಕೊಂಡರೆ 32,000 ಗಂಟೆ. ಹಗಲೂ ರಾತ್ರಿ ಸ್ವಿಚ್ ಆನ್ ಇಟ್ಟರೆ ಮೂರೂವರೆ ವರ್ಷ ಚಿಲ್ಲರೆ. ಟಿವಿ ಹಿಂದೆ ಗಾಳಿಯಾಡದ ಮೂಲೆಯಲ್ಲಿದ್ದರೆ ಅಷ್ಟೂ ಇಲ್ಲ.

ಹಂತ 10: ಫೋಟೋ ತೆಗೆಯಿರಿ

ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬೆಸುಗೆಯ ಕಡೆಯಿಂದ ಒಂದು. ಕೆಪಾಸಿಟರ್ ಮೈಮೇಲಿನ ಪಟ್ಟಿ ಯಾವ ಕಡೆಗಿದೆ ಅನ್ನುವುದು ಸ್ಪಷ್ಟವಾಗಿ ಕಾಣಬೇಕು. ಪಟ್ಟಿ ಇರುವ ಕಡೆಯ ಕಾಲು ಮೈನಸ್. ಬೋರ್ಡಿನ ಮೇಲಿನ ಗುರುತು ಒಂದೊಂದು ಕಂಪನಿಯದು ಒಂದೊಂದು ಥರ, ಅದನ್ನಷ್ಟೇ ನಂಬಬೇಡಿ.

ಹಂತ 11: ಹೊಸದು ತನ್ನಿ

ಹಳೆಯದರ ಮೈಮೇಲೆ 1000 ಮೈಕ್ರೋಫ್ಯಾರಡ್ 16 ವೋಲ್ಟ್ ಅಂತಿದ್ದರೆ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು; 25 ವೋಲ್ಟಿನದು ಹಾಕಬಹುದು, 10 ವೋಲ್ಟಿನದು ಹಾಕಿದರೆ ಸಿಡಿಯುತ್ತದೆ. 105 ಡಿಗ್ರಿ, ಲೋ ಇಎಸ್‌ಆರ್ ಅಂತ ಕೇಳಿ ತೆಗೆದುಕೊಳ್ಳಿ. ಸಾದಾ ಕೆಪಾಸಿಟರ್ ಹಾಕಿದರೂ ಅಡಾಪ್ಟರ್ ಓಡುತ್ತದೆ, ಆದರೆ ಬಹಳ ದಿನ ಬಾಳುವುದಿಲ್ಲ. ಹಳೆಯದನ್ನು ಅಳೆದುಕೊಂಡು ಹೋಗಿ, ಎತ್ತರ ಹೆಚ್ಚಾದರೆ ಕೇಸ್ ಮುಚ್ಚಲಾಗುವುದಿಲ್ಲ. ಎರಡಿದ್ದರೆ ಎರಡನ್ನೂ ಬದಲಿಸಿ.

ಹಂತ 12: ಹಳೆಯದು ತೆಗೆಯಿರಿ

ಈಗ ಐರನ್ ಬಿಸಿ ಮಾಡಿ. ಕಿಟಕಿ ತೆರೆದಿರಲಿ.

ಹಳೆ ಬೆಸುಗೆಯ ಮೇಲೆ ಮೊದಲು ಸ್ವಲ್ಪ ಹೊಸ ಲೆಡ್ ಹಾಕಿ. ತೆಗೆಯಬೇಕಾದ ಜಾಗಕ್ಕೆ ಇನ್ನೂ ಸೇರಿಸುವುದೇ ಅಂತ ಅನಿಸಬಹುದು. ಕಾರ್ಖಾನೆಯ ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿಯಷ್ಟು ಬೇಕು, ನಿಮ್ಮ 60/40 ಲೆಡ್ 190ರ ಒಳಗೇ ಕರಗುತ್ತದೆ. ಎರಡೂ ಬೆರೆತರೆ ಸುಲಭವಾಗಿ ಬಿಡುತ್ತದೆ. ಒಂದು ಕಾಲು ಕರಗಿಸಿ ಕೆಪಾಸಿಟರನ್ನು ಆ ಕಡೆ ಚೂರು ವಾಲಿಸಿ, ಇನ್ನೊಂದು ಕಾಲು ಕರಗಿಸಿ ಈ ಕಡೆ ವಾಲಿಸಿ. ಹೀಗೆ ಎರಡು ಮೂರು ಸಲಕ್ಕೆ ಅದೇ ಎದ್ದು ಬರುತ್ತದೆ. ಬುಡದಲ್ಲಿ ಅಂಟಿದ್ದರೆ ಮೊದಲೇ ಕೆರೆದು ತೆಗೆದಿರಬೇಕು. ಕರಗದೆ ಎಳೆದರೆ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ, ಆಮೇಲೆ ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ.

ಹಂತ 13: ತೂತು ಸ್ವಚ್ಛ ಮಾಡಿ

ಪಂಪ್ ಒತ್ತಿ ಸಿದ್ಧ ಇಡಿ. ಲೆಡ್ ಕರಗಿಸಿ, ಪಂಪಿನ ಮೂತಿ ಹತ್ತಿರ ತಂದು ಗುಂಡಿ ಒತ್ತಿ. ತೂತಿನಲ್ಲಿ ಬೆಳಕು ಕಂಡರೆ ಸಾಕು.

ಹಂತ 14: ಹೊಸದನ್ನು ಕೂರಿಸಿ

ಪಟ್ಟಿ ಯಾವ ಕಡೆ? ಫೋಟೋ ನೋಡಿ. ಇನ್ನೊಮ್ಮೆ ನೋಡಿ. ಉಲ್ಟಾ ಕೂರಿಸಿದ ಕೆಪಾಸಿಟರ್ ಬಿಸಿಯಾಗಿ ಒಡೆಯುತ್ತದೆ. ಕೂರಿಸಿದ ಮೇಲೆ ಕಾಲುಗಳನ್ನು ಹಿಂದೆ ಚೂರು ಅಗಲಿಸಿದರೆ ಬೋರ್ಡ್ ತಿರುಗಿಸಿದಾಗ ಬೀಳುವುದಿಲ್ಲ.

ಹಂತ 15: ಬೆಸೆಯಿರಿ

ಐರನ್ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ. ಪ್ಯಾಡಿಗೂ ಕಾಲಿಗೂ ಒಟ್ಟಿಗೇ ತಾಗುವಂತೆ ಇಟ್ಟು ಎರಡು ಸೆಕೆಂಡ್ ಬಿಡಿ. ಆಮೇಲೆ ಲೆಡ್ಡನ್ನು ಕಾಲಿಗೆ ಮುಟ್ಟಿಸಿ, ಐರನ್ ತುದಿಗಲ್ಲ. ಲೆಡ್ ತಾನೇ ಹರಿದು ಪ್ಯಾಡ್ ತುಂಬುತ್ತದೆ. ಮೊದಲು ಲೆಡ್ ತೆಗೆಯಿರಿ, ಆಮೇಲೆ ಐರನ್. ಊದಬೇಡಿ, ಅಲುಗಿಸಬೇಡಿ.

ಒಳ್ಳೆಯ ಬೆಸುಗೆ ಕಾಲಿನಿಂದ ಪ್ಯಾಡಿಗೆ ಇಳಿಜಾರಾಗಿ, ಹೊಳೆಯುತ್ತಾ ಇರುತ್ತದೆ. ಕೆಸುವಿನ ಎಲೆ ಮೇಲೆ ನೀರಿನ ಹನಿ ಕೂತಂತೆ ಗುಂಡಗೆ ಕೂತಿದ್ದರೆ ಅದು ಡ್ರೈ ಸೋಲ್ಡರ್. ಸ್ವಲ್ಪ ಫ್ಲಕ್ಸ್ ಹಚ್ಚಿ ಮತ್ತೆ ಕಾಯಿಸಿ. ಮೊದಲ ಬೆಸುಗೆ ಅಂದವಾಗಿ ಬರದಿದ್ದರೆ ಬೇಸರ ಬೇಡ, ಯಾರಿಗೂ ಬರುವುದಿಲ್ಲ. ಹೆಚ್ಚಾದ ಕಾಲನ್ನು ಕಟ್ಟರ್‌ನಿಂದ ಕತ್ತರಿಸಿ. ತುಂಡು ಕಣ್ಣಿಗೆ ಹಾರುತ್ತದೆ, ಬೆರಳು ಅಡ್ಡ ಹಿಡಿಯಿರಿ.

ಹಂತ 16: ಶಾರ್ಟ್ ಇದೆಯೇ ನೋಡಿ

ಮೀಟರನ್ನು ಬೀಪ್ ಬರುವ ಗುರುತಿಗೆ ತಿರುಗಿಸಿ, ಔಟ್‌ಪುಟ್ ಪಿನ್ನಿನ ಒಳಕ್ಕೂ ಹೊರಮೈಗೂ ಇಡಿ. ಒಂದು ಕ್ಷಣ ಬೀಪ್ ಬಂದು ನಿಂತರೆ ಕೆಪಾಸಿಟರ್ ಚಾರ್ಜ್ ಆಯಿತು ಅಂತ ಅರ್ಥ. ಬೀಪ್ ನಿಲ್ಲದಿದ್ದರೆ ಎರಡು ಪ್ಯಾಡ್ ನಡುವೆ ಲೆಡ್ ಸೇತುವೆ ಕಟ್ಟಿದೆಯೇ ಹುಡುಕಿ.

ಹಂತ 17: ಕೇಸಿನೊಳಗೆ ಇಟ್ಟು ಸೀರೀಸ್ ಬೋರ್ಡ್‌ಗೆ ಹಾಕಿ

ತೆರೆದ ಬೋರ್ಡಿಗೆ ಕರೆಂಟ್ ಕೊಡಬೇಡಿ. ಕೇಸಿನೊಳಗೆ ಕೂರಿಸಿ, ಇನ್ಸುಲೇಶನ್ ಟೇಪ್ ಸುತ್ತಿ, ಕಾಲಿಗೆ ಚಪ್ಪಲಿ ಹಾಕಿಕೊಂಡು ಸೀರೀಸ್ ಬೋರ್ಡಿನ ಸ್ವಿಚ್ ಒತ್ತಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಇದನ್ನು ಮಾಡಿ. ಬಲ್ಬ್ ಒಂದು ಕ್ಷಣ ಮಿಣುಕಿ ಆರಬಹುದು, ಮಿಣುಕದೆಯೂ ಇರಬಹುದು, ಎರಡೂ ಸರಿಯೇ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಕೂಡಲೇ ಆಫ್ ಮಾಡಿ, ಪ್ಲಗ್ ಕೀಳಿ. ಮತ್ತೆ ಬಿಚ್ಚುವುದಾದರೆ ಹಂತ 7 ಮತ್ತೆ ಮಾಡಲೇಬೇಕು.

ಹಂತ 18: ಭಾರದ ಪರೀಕ್ಷೆ ಮತ್ತೊಮ್ಮೆ

ಈಗ ನೇರ ಪ್ಲಗ್‌ಗೆ ಹಾಕಿ ಹಂತ 4 ಮಾಡಿ. ಅದೇ ರೆಸಿಸ್ಟರ್, ಅದೇ ಹತ್ತು ಸೆಕೆಂಡ್. ಮೊದಲು 7ಕ್ಕೆ ಕುಸಿದಿದ್ದ ಮೀಟರ್ ಈಗ 12ರ ಹತ್ತಿರ ನಿಂತಿದ್ದರೆ ನೀವು ಗೆದ್ದಿರಿ.

ಇನ್ನೂ ಏರಿಳಿಯುತ್ತಿದ್ದರೆ ಹಾಟ್ ಸೈಡ್‌ನಲ್ಲಿ, ಕಂಟ್ರೋಲ್ ಐಸಿ ಪಕ್ಕ, 50 ವೋಲ್ಟ್ ಬರೆದ ಇನ್ನೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಐಸಿಗೆ ಬೇಕಾದ ಕರೆಂಟ್ ಅದರಿಂದಲೇ ಬರುವುದು, ಒಣಗುವುದರಲ್ಲಿ ಅದಕ್ಕೆ ಎರಡನೇ ಸ್ಥಾನ. ಬದಲಿಸುವ ಕ್ರಮ ಇದೇ, ಆದರೆ ಅದನ್ನು ಮೊದಲ ಸಲ ಗೊತ್ತಿದ್ದವರ ಪಕ್ಕ ಕೂತು ಮಾಡಿ. ಫ್ಯೂಸ್ ಹಾರಿದ್ದರೆ ಬರೀ ಫ್ಯೂಸ್ ಬದಲಿಸಬೇಡಿ. ಅದು ಸುಮ್ಮನೆ ಹಾರುವುದಿಲ್ಲ, ಹಿಂದೆ ಡಯೋಡೋ ಸ್ವಿಚಿಂಗ್ ಟ್ರಾನ್ಸಿಸ್ಟರೋ ಶಾರ್ಟ್ ಆಗಿರುತ್ತದೆ.

ಹಂತ 19: ಮುಚ್ಚಿ, ದಿನಾಂಕ ಬರೆಯಿರಿ

ಪ್ಲಗ್ ಕಿತ್ತು, ಟೇಪ್ ಬಿಚ್ಚಿ, ಕೇಸಿನ ಅಂಚಿಗೆ ಪ್ಲಾಸ್ಟಿಕ್ ಅಂಟು ಹಚ್ಚಿ, ದಾರ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಳೆದು ನೋಡಿದರೆ ಬಿಟ್ಟುಕೊಳ್ಳಬಾರದು. ಪ್ಲಗ್‌ನಿಂದ ಕೀಳುವಾಗ ಕೇಸ್ ತೆರೆದುಕೊಂಡರೆ ಒಳಗಿನ 325 ವೋಲ್ಟ್ ಕೈಗೆ ಸಿಗುತ್ತದೆ. ಬೆನ್ನಿನ ಮೇಲೆ ಮಾರ್ಕರ್‌ನಿಂದ ತಾರೀಖು, ಹಾಕಿದ ಕೆಪಾಸಿಟರ್‌ನ ಅಂಕಿ ಬರೆಯಿರಿ. ಮೊದಲ ದಿನ ಎದುರಿಗಿದ್ದಾಗ ಮಾತ್ರ ಬಳಸಿ, ಆಗಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ತೆಗೆದುಬಿಡಿ.

ಲೆಡ್ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ. ಕಿತ್ತ ಕೆಪಾಸಿಟರನ್ನು ಹಸಿಕಸದ ಜೊತೆ ಎಸೆಯದೆ ಒಂದು ಡಬ್ಬಿಯಲ್ಲಿ ಕೂಡಿಟ್ಟು, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.